ಹೆಸರು ನಮ್ಮದು, ನೇಯ್ಗೆ ಯಾರದು?

ನಮ್ಮ ಯುವಜನರಲ್ಲಿ ಕೆಲವರು ಇಂದು ಸ್ವಂತ ಹೆಸರಿನ ಮುದ್ರೆಯೊಂದಿಗೆ ಆನ್‌ಲೈನ್ ಮೂಲಕ ಸೀರೆ ಮಾರಲು ಹೊರಟಿದ್ದಾರೆ. ಇದು ಸ್ವಾಗತಾರ್ಹ. ತಯಾರಕರನ್ನು ಅರಸಿ ಅವರು ಸೂರತ್ತಿಗೆ ಹೋಗಬೇಕಿಲ್ಲ. ದೊಡ್ಡಬಳ್ಳಾಪುರದಲ್ಲಿಯೇ ಸಾವಿರಾರು ವಿದ್ಯುತ್ ಮಗ್ಗಗಳಿವೆ. ಆದರೆ ಮೊಬೈಲಿನಲ್ಲಿ ಬಂದ ಚಿತ್ರವನ್ನೇ ನಂಬಿ ಸರಕು ತರಿಸುವುದು ಜಾಣತನವಲ್ಲ. ಮಗ್ಗದ ಮನೆಗೆ ಹೋಗಿ, ಮಾದರಿ ನೇಯಿಸಿ, ನೂಲು, ಬಣ್ಣ, ಅಳತೆ, ದರಗಳನ್ನು ಬರೆದಿಟ್ಟು, ಮೊದಲು ಸ್ವಲ್ಪವೇ ಕೊಳ್ಳುವುದು ಲೇಸು.

ಹೆಸರು ವಸ್ತುವಿನ ಸ್ವರೂಪವನ್ನು ಬದಲಿಸದು. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರುವುದು ಗ್ರಾಹಕರಿಗೂ ಕೈಮಗ್ಗದ ನೇಕಾರರಿಗೂ ಬಗೆಯುವ ದ್ರೋಹ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆಯನ್ನೂ ಮೊದಲೇ ಅರಿತಿರಬೇಕು.

ಇನ್ನು ಹಣದ ಮಾತು. ನೋಂದಾಯಿತ ಕಿರು ಉದ್ದಿಮೆಗೆ, ಒಪ್ಪಂದ ಏನೇ ಇರಲಿ, 45 ದಿನಗಳನ್ನು ಮೀರದಂತೆ ಹಣ ಸಲ್ಲಬೇಕೆಂದು 2006ರ ಕಾಯ್ದೆ ವಿಧಿಸುತ್ತದೆ. ನೂಲಿನ ಸಾಲವಾದರೋ ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಮುಂಗಡ ಕೊಡುವುದು ದಾನವಲ್ಲ, ನ್ಯಾಯ. ಗ್ರಾಹಕರು ಮನಸ್ಸು ಬದಲಿಸಿ ಹಿಂತಿರುಗಿಸಿದ ಸೀರೆಯ ನಷ್ಟವನ್ನು ನೇಕಾರನ ಲೆಕ್ಕಕ್ಕೆ ಬರೆಯುವುದಂತೂ ಸಲ್ಲದು. ಲಾಭದಲ್ಲಿ ಹೆಸರು ನಮ್ಮದೆನ್ನುವವರು ನಷ್ಟದಲ್ಲಿಯೂ ಹಾಗೆಯೇ ಎನ್ನಬೇಕು.