ತುರ್ತು ಕರೆಗೆ ಸಂಖ್ಯೆ ಸಾಲದು, ಕಾದು ನಿಂತ ವಾಹನ ಬೇಕು

ಪೊಲೀಸರಿಗೆ 100, ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸಿಗೆ 108, ಸಂಕಷ್ಟದಲ್ಲಿರುವ ಮಹಿಳೆಯರಿಗೆ 181, ಮಕ್ಕಳಿಗೆ 1098, ಹಿರಿಯ ನಾಗರಿಕರಿಗೆ 14567, ರಾಷ್ಟ್ರೀಯ ಹೆದ್ದಾರಿಯಲ್ಲಿ ಅವಘಡವಾದರೆ 1033, ರೈಲಿನಲ್ಲಾದರೆ 139, ಬ್ಯಾಂಕ್ ಖಾತೆಯಿಂದ ಯಾರಾದರೂ ಹಣ ಲಪಟಾಯಿಸಿದರೆ 1930. ಈ ಪಟ್ಟಿಯನ್ನು ಕಂಠಪಾಠ ಮಾಡಿಟ್ಟುಕೊಂಡಿರುವ ನಾಗರಿಕರು ಎಷ್ಟು ಮಂದಿ ಇದ್ದಾರು? ಪ್ರತಿಯೊಂದು ಸಂಖ್ಯೆಯ ಹಿಂದೆಯೂ ಒಂದು ಇಲಾಖೆ, ಒಂದು ಸುತ್ತೋಲೆ, ಒಂದು ಉದ್ಘಾಟನಾ ಸಮಾರಂಭ ಇರುತ್ತದೆ. ಅಪಘಾತಕ್ಕೆ ಸಿಕ್ಕಿದವನ ಮುಂದೆ ಮಾತ್ರ ಯಾವ ಸುತ್ತೋಲೆಯೂ ಇರುವುದಿಲ್ಲ.

ಈ ಗೊಂದಲಕ್ಕೆ ಪರಿಹಾರವೆಂದು ಬಂದದ್ದು 112 ಎಂಬ ಏಕ ತುರ್ತು ಸಂಖ್ಯೆ. ಇಂದು ಅದು ದೇಶದ ಎಲ್ಲ ರಾಜ್ಯಗಳಲ್ಲೂ ಕೇಂದ್ರಾಡಳಿತ ಪ್ರದೇಶಗಳಲ್ಲೂ ಜಾರಿಯಲ್ಲಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಸಂಖ್ಯೆಯನ್ನು ಘೋಷಿಸುವುದು ಈ ಕೆಲಸದ ಅತ್ಯಂತ ಅಗ್ಗದ ಭಾಗ. ಕರೆ ಬಂದ ಕ್ಷಣದಲ್ಲಿ ಹೊರಡಲು ಸಿದ್ಧವಾಗಿ, ಅಲ್ಲಿಯವರೆಗೆ ಯಾವ ಕೆಲಸವನ್ನೂ ಮಾಡದೆ ನಿಂತಿರುವ ಒಂದು ವಾಹನ, ಅದರೊಳಗೆ ಇಬ್ಬರು ನುರಿತ ಸಿಬ್ಬಂದಿ - ಇದೇ ದುಬಾರಿ ಭಾಗ. ನಮ್ಮ ಹಣಕಾಸು ವ್ಯವಸ್ಥೆಗೆ ಈ ‘ಸುಮ್ಮನೆ ನಿಂತಿರುವುದು’ ಎಂಬ ಸಂಗತಿಯೇ ಅರ್ಥವಾಗುವುದಿಲ್ಲ. ನಮ್ಮ ತುರ್ತು ಸೇವೆಯ ಮೂಲ ದೌರ್ಬಲ್ಯ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಇತಿಹಾಸವನ್ನು ಸ್ವಲ್ಪ ಗಮನಿಸೋಣ. ಜಗತ್ತಿನ ಮೊದಲ ತುರ್ತು ದೂರವಾಣಿ ಸಂಖ್ಯೆಯಾದ 999 ಲಂಡನ್ನಿನಲ್ಲಿ 1937ರ ಜೂನ್‌ನಲ್ಲಿ ಜಾರಿಗೆ ಬಂತು. ಅದಕ್ಕೆ ಕಾರಣವಾದದ್ದು 1935ರಲ್ಲಿ ಆ ನಗರದ ವಿಂಪೋಲ್ ಬೀದಿಯಲ್ಲಿ ಐವರು ಮಹಿಳೆಯರನ್ನು ಬಲಿ ತೆಗೆದುಕೊಂಡ ಬೆಂಕಿ ಅನಾಹುತ. ಅಗ್ನಿಶಾಮಕ ದಳಕ್ಕೆ ತಿಳಿಸಲು ಪ್ರಯತ್ನಿಸಿದ ನೆರೆಮನೆಯವರೊಬ್ಬರು ದೂರವಾಣಿ ವಿನಿಮಯ ಕೇಂದ್ರದ ಸರದಿಯಲ್ಲಿ ಕಾಯಬೇಕಾಯಿತು. ಅಮೆರಿಕದಲ್ಲಿ 911ರ ಮೊದಲ ಕರೆ ಹೋದದ್ದು 1968ರಲ್ಲಿ, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಿಂದ. ಯೂರೋಪಿನ ರಾಷ್ಟ್ರಗಳು 112ನ್ನು ಸಮಾನ ಸಂಖ್ಯೆಯಾಗಿ ಸ್ವೀಕರಿಸಲು ತೀರ್ಮಾನಿಸಿದ್ದು 1991ರಲ್ಲಿ.

ನಮ್ಮಲ್ಲಿ ಗಮನಾರ್ಹ ಪ್ರಯೋಗ ಆರಂಭವಾದದ್ದು 2005ರ ಆಗಸ್ಟ್‌ನಲ್ಲಿ, ಹೈದರಾಬಾದಿನಲ್ಲಿ. ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಸ್ಥಾಪಿಸಿದ ಸಂಸ್ಥೆ 108 ಸೇವೆಯನ್ನು ಶುರು ಮಾಡಿತು. 2009ರಲ್ಲಿ ಸತ್ಯಂ ಹಗರಣ ಸ್ಫೋಟಿಸಿದಾಗ ಅದರ ಆಡಳಿತ ಜಿವಿಕೆ ಸಮೂಹದ ಕೈಗೆ ಹೋಯಿತು. ಅಷ್ಟರಲ್ಲಿ ಕರ್ನಾಟಕವೂ 2008ರ ರಾಜ್ಯೋತ್ಸವದ ದಿನ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಅದೇ ಮಾದರಿಯನ್ನು ತಂದಿತ್ತು. ಹಳ್ಳಿಯ ಬಡ ಗರ್ಭಿಣಿಯ ಮನೆಬಾಗಿಲಿಗೆ ಹಣ ಕೇಳದೆ ಬರುವ ವಾಹನವೊಂದನ್ನು ಸರ್ಕಾರ ಕಳುಹಿಸಬಲ್ಲದು ಎಂಬ ನಂಬಿಕೆಯನ್ನು ಜನರಲ್ಲಿ ಮೂಡಿಸಿದ್ದು 108. ಅದರ ದೋಷಗಳೇನೇ ಇರಲಿ, ಆ ಋಣವನ್ನು ಮರೆಯುವಂತಿಲ್ಲ.

2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಪೈಶಾಚಿಕ ಕೃತ್ಯ ಇಡೀ ದೇಶದ ಮನಸ್ಸನ್ನು ಕಲಕಿತು. 2013ರ ಕೇಂದ್ರ ಬಜೆಟ್ಟಿನಲ್ಲಿ 1,000 ಕೋಟಿ ರೂಪಾಯಿಗಳ ನಿರ್ಭಯಾ ನಿಧಿ ಘೋಷಣೆಯಾಯಿತು. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 112ನ್ನು ಏಕ ತುರ್ತು ಸಂಖ್ಯೆಯಾಗಿ ಅಂಗೀಕರಿಸುವಂತೆ ಶಿಫಾರಸು ಮಾಡಿತು. 2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶ ಅದನ್ನು ಜಾರಿಗೊಳಿಸಿದ ಮೊದಲ ರಾಜ್ಯವೆನಿಸಿತು. ರಾಷ್ಟ್ರಮಟ್ಟದ ಈ ಯೋಜನೆಗೆ ನಿರ್ಭಯಾ ನಿಧಿಯಿಂದ ದೊರೆತದ್ದು ಸುಮಾರು 321 ಕೋಟಿ ರೂಪಾಯಿ. ನೂರು ಕೋಟಿಗೂ ಮೀರಿದ ಜನಸಂಖ್ಯೆಯ ದೇಶದಲ್ಲಿ ಇದು ತಲೆಗೆ ಮೂರು ರೂಪಾಯಿಯೂ ಅಲ್ಲ. ಸಂಖ್ಯೆ ಅಗ್ಗ ಎಂದು ನಾನು ಹೇಳಿದ್ದು ಈ ಅರ್ಥದಲ್ಲಿ. ತಂತ್ರಾಂಶ, ಸರ್ವರ್, ನಿಯಂತ್ರಣ ಕೊಠಡಿ, ಪರದೆಗಳು ಎಲ್ಲವೂ ಒಮ್ಮೆ ಮಾಡಿ ಮುಗಿಸಬಹುದಾದ ಬಂಡವಾಳ ವೆಚ್ಚ. ಅವುಗಳಿಗೆ ಕೇಂದ್ರ ಹಣ ಕೊಡುತ್ತದೆ, ಸಚಿವರು ಉದ್ಘಾಟಿಸುತ್ತಾರೆ. ಆಮೇಲಿನದು? ಕರೆ ಸ್ವೀಕರಿಸುವವರ ಸಂಬಳ, ಚಾಲಕರ ಸಂಬಳ, ಡೀಸೆಲ್, ಟೈರು, ಆಮ್ಲಜನಕದ ಸಿಲಿಂಡರು, ರಾತ್ರಿ ಪಾಳಿ. ಇವೆಲ್ಲ ವರ್ಷ ವರ್ಷವೂ ಬರುವ ರಾಜಸ್ವ ವೆಚ್ಚಗಳು. ಪೊಲೀಸ್ ಮತ್ತು ಆರೋಗ್ಯ ಎರಡೂ ಸಂವಿಧಾನದ ರಾಜ್ಯ ಪಟ್ಟಿಯಲ್ಲಿರುವುದರಿಂದ ಈ ಹೊರೆಯ ಬಹುಪಾಲು ರಾಜ್ಯಗಳ ಹೆಗಲಿಗೇ ಬೀಳುತ್ತದೆ.

ಇಲ್ಲಿಯೇ ಅರ್ಥಶಾಸ್ತ್ರದ ಪ್ರಶ್ನೆ ಎದುರಾಗುವುದು. ಸರ್ಕಾರಿ ಸೇವೆಯಲ್ಲಿದ್ದ ದಶಕಗಳಲ್ಲಿ ನಾನು ಬಜೆಟ್ ಪೂರ್ವ ಸಭೆಗಳಲ್ಲಿ ಅತಿ ಹೆಚ್ಚು ಬಾರಿ ಕೇಳಿದ ಪ್ರಶ್ನೆಯೆಂದರೆ ‘ಬಳಕೆ ಎಷ್ಟು?’ ಎಂಬುದು. ವಾಹನದ ಲಾಗ್ ಪುಸ್ತಕ ತರಿಸಿ, ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿದೆಯೆಂದು ನೋಡಿ, ಕಡಿಮೆ ಓಡಿದ್ದರೆ ವಾಹನವನ್ನೇ ಹಿಂದಕ್ಕೆ ಪಡೆಯುವುದು ರೂಢಿ. ನಾನೂ ಆ ಪ್ರಶ್ನೆಯನ್ನು ಕೇಳಿದ್ದೇನೆ. ಕಚೇರಿಯ ಜೀಪಿಗೆ ಅದು ಸರಿಯಾದ ಪ್ರಶ್ನೆಯೇ. ಆಂಬುಲೆನ್ಸಿಗೆ ಅದೇ ಅಳತೆಗೋಲನ್ನು ಹಿಡಿದರೆ ಏನಾಗುತ್ತದೆ?

ದೂರವಾಣಿ ಕೇಂದ್ರಗಳಲ್ಲಿ ಎಷ್ಟು ತಂತಿಗಳಿದ್ದರೆ ಎಷ್ಟು ಕರೆಗಳು ಕಾಯಬೇಕಾಗುತ್ತದೆ ಎಂಬ ಲೆಕ್ಕವನ್ನು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1909ರಷ್ಟು ಹಿಂದೆಯೇ ಹಾಕಿಕೊಟ್ಟಿದ್ದ. ಅದರ ಸಾರ ಸರಳ. ಒಂದು ತಾಲ್ಲೂಕಿಗೆ ಒಂದೇ ಆಂಬುಲೆನ್ಸ್ ಇದ್ದು, ಅದು ದಿನಕ್ಕೆ 12 ಗಂಟೆ ಓಡಾಟದಲ್ಲಿದೆ ಎನ್ನೋಣ. ಲೆಕ್ಕಪರಿಶೋಧಕರ ಕಣ್ಣಿಗೆ ಅದು ಚೆನ್ನಾಗಿ ಬಳಕೆಯಾಗುತ್ತಿರುವ ವಾಹನ. ಆದರೆ ಕರೆಗಳು ಹೇಳಿ ಕೇಳಿ ಬರುವುದಿಲ್ಲವಾದ್ದರಿಂದ, ಬರುವ ಎರಡು ಕರೆಗಳಲ್ಲಿ ಒಂದಕ್ಕೆ ಆ ವಾಹನ ಬೇರೆಲ್ಲೋ ಇರುತ್ತದೆ. ದಿನಕ್ಕೆ ಆರು ಗಂಟೆ ಮಾತ್ರ ಓಡುತ್ತಿದ್ದರೂ ನಾಲ್ಕರಲ್ಲಿ ಒಂದು ಕರೆಗೆ ಅದು ಸಿಗದು. ಅರ್ಥಾತ್, ತುರ್ತು ವಾಹನ ಹೆಚ್ಚು ‘ದಕ್ಷ’ವಾದಷ್ಟೂ ಅದನ್ನು ನಂಬಿದವನ ಪಾಡು ಹೆಚ್ಚು ಅನಿಶ್ಚಿತವಾಗುತ್ತದೆ. ನಿಂತ ಆಂಬುಲೆನ್ಸ್ ಪೋಲಲ್ಲ. ಆ ನಿಂತಿರುವಿಕೆಯೇ ನಾವು ತೆರಿಗೆ ಕೊಟ್ಟು ಕೊಂಡುಕೊಳ್ಳುತ್ತಿರುವ ಸರಕು. ಕಳೆದ ವರ್ಷ ಊರಿನಲ್ಲಿ ಬೆಂಕಿ ಬೀಳಲಿಲ್ಲವೆಂದು ಅಗ್ನಿಶಾಮಕ ಠಾಣೆಯನ್ನು ಮುಚ್ಚಿ ಎಂದು ಯಾರೂ ಹೇಳುವುದಿಲ್ಲವಷ್ಟೆ?

ಈ ಲೆಕ್ಕವನ್ನು ನಮ್ಮ ರಾಜ್ಯಕ್ಕೆ ಅನ್ವಯಿಸಿ ನೋಡಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡದಂತೆ ಒಂದು ಲಕ್ಷ ಜನಸಂಖ್ಯೆಗೆ ಒಂದು ಸಾಮಾನ್ಯ ಆಂಬುಲೆನ್ಸ್, ಐದು ಲಕ್ಷಕ್ಕೆ ಒಂದು ಸುಸಜ್ಜಿತ ಆಂಬುಲೆನ್ಸ್ ಇರಬೇಕು. 2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ ಸುಮಾರು 14 ಲಕ್ಷ, ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಮಾನದಂಡದಂತೆ 14 ಸಾಮಾನ್ಯ ವಾಹನಗಳನ್ನು ಕೊಟ್ಟರೆ ಒಂದೊಂದರ ಪಾಲಿಗೆ ಬರುವುದು 700 ಚದರ ಕಿಲೋಮೀಟರಿಗೂ ಮಿಗಿಲಾದ ಕಾಡು, ಘಟ್ಟ, ಹೊಳೆ. ಅದೇ ಸೂತ್ರದಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಒಂದು ವಾಹನದ ಪಾಲು 25 ಚದರ ಕಿಲೋಮೀಟರಿಗಿಂತ ಕಡಿಮೆ. ಬೆಂಗಳೂರಿಗೆ ಸಂಚಾರ ದಟ್ಟಣೆಯೆಂಬ ಬೇರೆ ಶತ್ರುವಿದ್ದಾನೆ, ನಿಜ. ಆದರೆ ಜೋಯಿಡಾದ ರೋಗಿಗೆ ದೂರವೇ ಶತ್ರು. ಗಂಭೀರ ರೋಗಿಯನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಸಾಗಿಸಲು ಹೊರಟ ವಾಹನ ಮರಳಿ ಬರುವವರೆಗೆ ಗಂಟೆಗಟ್ಟಲೆ ಅದರ ಠಾವು ಬರಿದಾಗಿರುತ್ತದೆ. ಜನಸಂಖ್ಯೆಯ ಸರಾಸರಿಗೆ ಈ ಸಂಕಟ ಕಾಣಿಸದು.

ಕಾದು ನಿಲ್ಲುವುದು ವಾಹನಗಳಿಗಷ್ಟೇ ಸಂಬಂಧಿಸಿದ್ದಲ್ಲ. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದಾಗಿ ಕರ್ನಾಟಕದ 108 ಸೇವೆ ರಾಜ್ಯದಾದ್ಯಂತ ಅಸ್ತವ್ಯಸ್ತಗೊಂಡದ್ದನ್ನು ಓದುಗರು ಮರೆತಿರಲಾರರು. ಒಂದು ವ್ಯವಸ್ಥೆ ಕೈಕೊಟ್ಟರೆ ಆ ಕ್ಷಣವೇ ಕೆಲಸವನ್ನು ವಹಿಸಿಕೊಳ್ಳಬಲ್ಲ ಇನ್ನೊಂದು ವ್ಯವಸ್ಥೆ ಬೇರೊಂದು ಕಡೆ ಸದಾ ಸಿದ್ಧವಾಗಿರಬೇಕು. ಆದರೆ ವರ್ಷದ 364 ದಿನ ಅದಕ್ಕೆ ಕೆಲಸವಿರುವುದಿಲ್ಲ. ಹೀಗಾಗಿ ಕಡತದಲ್ಲಿ ಮೊದಲು ಹೊಡೆದುಹಾಕುವ ಬಾಬ್ತು ಅದೇ ಆಗುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದು ನಮಗೆ ಹೊಸತೇನಲ್ಲ.

ಇನ್ನು ಕರೆ ಸ್ವೀಕರಿಸುವವರ ವಿಚಾರ. ‘ಹೊಸಹಳ್ಳಿ ಹತ್ತಿರ ಬೈಕ್ ಬಿದ್ದಿದೆ, ಬೇಗ ಬನ್ನಿ’ ಎಂದು ಹೇಳಿ ಕರೆ ಕಡಿದುಹೋದರೆ, ಕರ್ನಾಟಕದಲ್ಲಿರುವ ಅಷ್ಟೊಂದು ಹೊಸಹಳ್ಳಿಗಳಲ್ಲಿ ಯಾವುದೆಂದು ಹುಡುಕುವುದು? ಮೊಬೈಲ್ ಗೋಪುರ ಸ್ಥೂಲವಾದ ಪ್ರದೇಶವನ್ನು ಸೂಚಿಸೀತು. ಜಿಪಿಎಸ್ ಇದ್ದರೆ ಇನ್ನಷ್ಟು ನಿಖರವಾದ ಸ್ಥಳ ತಿಳಿದೀತು. ಗಾಬರಿಗೊಂಡವನನ್ನು ಸಮಾಧಾನಪಡಿಸಿ, ಶಾಲೆಯೋ ಸೇತುವೆಯೋ ಮೈಲಿಗಲ್ಲೋ ಹತ್ತಿರದಲ್ಲಿದೆಯೇ ಎಂದು ಕೇಳಿ ತಿಳಿಯುವುದು ಮನುಷ್ಯರಿಂದ ಮಾತ್ರ ಸಾಧ್ಯ. ಅದೂ ಕರೆ ಮಾಡಿದವರ ಭಾಷೆಯಲ್ಲಿ. ಬೆಂಗಳೂರಿನ ಕಟ್ಟಡ ಕಾಮಗಾರಿಯಲ್ಲಿ ದುಡಿಯುವ ಬಂಗಾಳದ ಅಥವಾ ಒಡಿಶಾದ ಕಾರ್ಮಿಕನೂ ಈ ಸಂಖ್ಯೆಯ ಹಕ್ಕುದಾರನೇ. ವಾಹನ ಬರುವವರೆಗೆ ರಕ್ತಸ್ರಾವವನ್ನು ಹೇಗೆ ಒತ್ತಿ ಹಿಡಿಯಬೇಕು, ನಿಂತ ಹೃದಯಕ್ಕೆ ಎದೆಯನ್ನು ಹೇಗೆ ಒತ್ತಬೇಕು ಎಂದು ದೂರವಾಣಿಯಲ್ಲೇ ಹೇಳಿಕೊಡುವ ತರಬೇತಿಯನ್ನು ಇವರಿಗೆ ಕೊಡಬಹುದು. ಬಡ ದೇಶವೊಂದು ಕಡಿಮೆ ಖರ್ಚಿನಲ್ಲಿ ಜೀವ ಉಳಿಸುವ ಇದಕ್ಕಿಂತ ಸುಲಭದ ದಾರಿಯಿಲ್ಲ. ಇಂಥ ಹೊಣೆಯ ಕೆಲಸವನ್ನು ವರ್ಷಕ್ಕೊಮ್ಮೆ ನವೀಕರಿಸುವ ಗುತ್ತಿಗೆಗೆ ಒಪ್ಪಿಸಿ, ವೇತನವನ್ನು ಬಾಕಿ ಉಳಿಸಿಕೊಂಡರೆ ನುರಿತವರು ಏಕೆ ಉಳಿದಾರು?

ಬಡ ದೇಶಕ್ಕೆ ಇಂಥ ಐಷಾರಾಮ ಏಕೆ, ಮೊದಲು ಆಸ್ಪತ್ರೆಗಳನ್ನು ಕಟ್ಟಲಿ ಎಂಬ ಆಕ್ಷೇಪವನ್ನು ನಾನು ಲಘುವಾಗಿ ಕಾಣಲಾರೆ. ಆಸ್ಪತ್ರೆಯಿಲ್ಲದ ಊರಿಗೆ ಆಂಬುಲೆನ್ಸ್ ಕೊಡುವುದು ಅರ್ಧ ಸೇತುವೆ ಕಟ್ಟಿದಂತೆಯೇ ಸರಿ. ಆದರೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಂಕಿ ಅಂಶದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. 2023ರಲ್ಲಿ ಆ ಸಂಖ್ಯೆ 1.72 ಲಕ್ಷ ದಾಟಿತು. ಇವರಲ್ಲಿ ಬಹುಪಾಲು ದುಡಿಯುವ ವಯಸ್ಸಿನವರು. ಕುಟುಂಬದ ಅನ್ನದಾತನ ಸಾವು ಒಂದು ತಲೆಮಾರನ್ನೇ ಬಡತನಕ್ಕೆ ದೂಡುತ್ತದೆ ಎಂಬುದನ್ನು ಅರಿಯಲು ಅರ್ಥಶಾಸ್ತ್ರದ ಪದವಿ ಬೇಕಿಲ್ಲ. ಗಾಯಾಳುವಿಗೆ ನೆರವಾದವರನ್ನು ರಕ್ಷಿಸಲು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಯಿತು. 2025ರ ಮೇ ತಿಂಗಳಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆಯೂ ಜಾರಿಗೆ ಬಂದಿದೆ. ಎರಡೂ ಸ್ವಾಗತಾರ್ಹ. ಆದರೆ ಗಾಯಾಳು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ತಲುಪದಿದ್ದರೆ ಆ ಒಂದೂವರೆ ಲಕ್ಷವನ್ನು ಯಾರ ಮೇಲೆ ಖರ್ಚು ಮಾಡುವುದು?

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಪ್ರತಿ ತಾಲ್ಲೂಕಿನಲ್ಲಿ ಕರೆ ಬಂದ ಎಷ್ಟು ನಿಮಿಷಕ್ಕೆ ನೆರವು ತಲುಪಿತು ಎಂಬುದನ್ನು ಸರ್ಕಾರ ತಿಂಗಳು ತಿಂಗಳೂ ಪ್ರಕಟಿಸಬೇಕು. ರಾಜ್ಯದ ಸರಾಸರಿ ಬೇಡ. ಹತ್ತರಲ್ಲಿ ಒಂಬತ್ತು ಕರೆಗಳಿಗೆ ಎಷ್ಟು ನಿಮಿಷದೊಳಗೆ ನೆರವು ಮುಟ್ಟಿತು ಎಂಬುದನ್ನು ಹೇಳಲಿ. ಸರಾಸರಿಯೆಂಬುದು ನಗರದ ವೇಗದ ಮರೆಯಲ್ಲಿ ಮಲೆನಾಡಿನ ವಿಳಂಬವನ್ನು ಅಡಗಿಸುವ ಪರದೆ. ಎರಡನೆಯದಾಗಿ, ಸೇವೆ ನಡೆಸುವ ಸಂಸ್ಥೆಗೆ ಓಡಿದ ಕಿಲೋಮೀಟರಿಗೆ ಅಥವಾ ಸಾಗಿಸಿದ ರೋಗಿಗಳ ಲೆಕ್ಕಕ್ಕಲ್ಲ, ಸಿದ್ಧವಾಗಿ ನಿಂತ ಗಂಟೆಗಳಿಗೆ ಹಣ ಸಂದಾಯವಾಗಬೇಕು. ಸಿದ್ಧವಿಲ್ಲದ ಗಂಟೆಗೆ ಕಡಿತವಾಗಬೇಕು. ಮೂರನೆಯದಾಗಿ, ಕೇಂದ್ರದ ನೆರವು ಯಂತ್ರೋಪಕರಣಗಳಿಗೆ ಸೀಮಿತವಾಗದೆ, ದೂರ ಹೆಚ್ಚಿರುವ, ಜನ ವಿರಳವಾಗಿರುವ ಜಿಲ್ಲೆಗಳ ವಾರ್ಷಿಕ ವೆಚ್ಚದಲ್ಲೂ ಪಾಲು ಹೊರಬೇಕು. ನಾಲ್ಕನೆಯದಾಗಿ, ಹಳೆಯ ಸಂಖ್ಯೆಗಳನ್ನು ರದ್ದುಪಡಿಸುವ ಅವಸರ ಬೇಡ. ಯಾವುದಕ್ಕೆ ಕರೆ ಮಾಡಿದರೂ ಅದು ಒಂದೇ ಕೊಠಡಿಗೆ ತಲುಪಿ, ಪೊಲೀಸ್, ಅಗ್ನಿಶಾಮಕ, ಆರೋಗ್ಯ ಸಿಬ್ಬಂದಿ ಒಂದೇ ಪರದೆಯನ್ನು ನೋಡುವಂತಾಗಲಿ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮಕ್ಕಳ ಸಹಾಯವಾಣಿ 1098ನ್ನು 2023ರಿಂದೀಚೆಗೆ 112ರೊಡನೆ ಜೋಡಿಸುವ ಕೆಲಸ ನಡೆದಿದೆ. ಹೆದರಿದ ಮಗುವಿನೊಡನೆ ಮಾತಾಡುವ ತಾಳ್ಮೆಯೂ ಆ ಜೋಡಣೆಯಲ್ಲಿ ಉಳಿಯಬೇಕೆಂಬ ಎಚ್ಚರ ಅಗತ್ಯ.

ಇದಾವುದೂ ಹೊಸ ತಂತ್ರಜ್ಞಾನವನ್ನು ಬೇಡುವುದಿಲ್ಲ. ಬೇಡುವುದು ಬಜೆಟ್ಟಿನ ಭಾಷೆಯಲ್ಲಿ ಒಂದು ತಿದ್ದುಪಡಿಯನ್ನು ಮಾತ್ರ. ತುರ್ತು ಸಂಖ್ಯೆಯೆಂಬುದು ಪ್ರಭುತ್ವ ತನ್ನ ಪ್ರಜೆಗೆ ಬರೆದುಕೊಟ್ಟ ವಾಗ್ದಾನಪತ್ರ. ಬ್ಯಾಂಕಿನ ಮೇಲಿನ ವಿಶ್ವಾಸದಂತೆ ಅದರ ಮೇಲಿನ ವಿಶ್ವಾಸವೂ ಒಮ್ಮೆ ಕರಗಿದರೆ ಮತ್ತೆ ಗಳಿಸುವುದು ಕಷ್ಟ. ಕರೆ ಮಾಡಿ ಪ್ರಯೋಜನವಿಲ್ಲವೆಂದು ಅನುಭವದಿಂದ ಕಲಿತವರು ಮುಂದಿನ ಸಲ ಆಟೋ ಹಿಡಿಯುತ್ತಾರೆ. ಆಗ ಕರೆಗಳ ಸಂಖ್ಯೆ ಇಳಿಯುತ್ತದೆ. ಅದನ್ನೇ ನೋಡಿ ‘ಬೇಡಿಕೆ ಕಡಿಮೆಯಾಗಿದೆ, ವಾಹನಗಳನ್ನು ಕಡಿತಗೊಳಿಸಬಹುದು’ ಎಂದು ಯಾರಾದರೂ ಕಡತದಲ್ಲಿ ಟಿಪ್ಪಣಿ ಬರೆದಾರು. ಆ ಟಿಪ್ಪಣಿಗೆ ಸಹಿ ಬೀಳದಂತೆ ನೋಡಿಕೊಳ್ಳುವುದು ಶಾಸನಸಭೆಯಲ್ಲಿ ಕುಳಿತವರ ಹೊಣೆ. ತಮ್ಮ ತಾಲ್ಲೂಕಿನಲ್ಲಿ ನೆರವು ಎಷ್ಟು ನಿಮಿಷಕ್ಕೆ ಬರುತ್ತದೆಂದು ಅವರನ್ನು ಕೇಳುವುದು ನಮ್ಮ ಹೊಣೆ.