ಮಾಳಿಗೆ ಮಾಲೀಕನದು, ಬಿಸಿಲು ಯಾರದು?

ಬೀದರಿನ ಕೆಂಪುಕಲ್ಲಿನ ಮನೆಗಳ ಮೇಲೆ ಬೀಳುವ ಬಿಸಿಲು ಮಾಲೀಕ, ಬಾಡಿಗೆದಾರ ಎಂಬ ಭೇದವನ್ನರಿಯದು. ಆ ಭೇದ ಹುಟ್ಟುವುದು ಸರಕಾರದ ಕಾಗದದಲ್ಲಿ. ಮಾಳಿಗೆಯ ಮೇಲೆ ಸೌರ ವಿದ್ಯುತ್ ಹಾಕಿಸಿಕೊಳ್ಳಿರೆಂಬ ಉಪದೇಶ ಬೀದರ, ಭಾಲ್ಕಿ, ಔರಾದಗಳ ಗಲ್ಲಿಗಳಲ್ಲೂ ಕೇಳಿಬರುತ್ತಿರುವಾಗ, ಅದರ ಲಾಭ ಯಾರ ಮನೆ ಸೇರುತ್ತದೆಂದು ನಾವು ಕೇಳಲೇಬೇಕಾಗಿದೆ.

ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಸಾರಿತು. ಗುರಿ ಒಂದು ಕೋಟಿ ಮನೆ. ತೆಗೆದಿರಿಸಿದ ಹಣ 75,021 ಕೋಟಿ ರೂಪಾಯಿ. ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕೂ ಮೇಲ್ಪಟ್ಟರೆ 78,000 ರೂಪಾಯಿ ಸಹಾಯಧನ. ಯೋಜನೆ ಒಳ್ಳೆಯದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿದಾರನಿಗೆ ಸ್ವಂತ ಮನೆ, ಸ್ವಂತ ಮಾಳಿಗೆ ಇರಬೇಕು. ಚಾಳಿನ ಖೋಲಿಯಲ್ಲಿರುವ ಗಿರಣಿ ಕೂಲಿಕಾರನಿಗೆ ಅದು ಇಲ್ಲ. ಸಣ್ಣ ವ್ಯಾಪಾರಿಯ ಅಂಗಡಿಯ ಮೀಟರು ಮನೆಬಳಕೆಯದಲ್ಲ. ಆದ್ದರಿಂದ ಆತನೂ ಹೊರಗೇ.

ಬೀದರ ಬಂದುಹೋಗುವವರ ಊರು. ನಾನಕ ಝೀರಾಕ್ಕೆ ಬರುವ ಯಾತ್ರಿಕರು, ವೈದ್ಯಕೀಯ ಪರೀಕ್ಷೆಯ ತರಬೇತಿಗೆ ಬರುವ ವಿದ್ಯಾರ್ಥಿಗಳು, ಆಸ್ಪತ್ರೆಗೆ ಬರುವ ರೋಗಿಗಳ ಕಡೆಯವರು, ಇವರೆಲ್ಲ ದಿನಕ್ಕೋ ತಿಂಗಳಿಗೋ ಖೋಲಿ ಹಿಡಿಯುತ್ತಾರೆ. ಕರೆಂಟಿನ ಬಿಲ್ಲು ಇರುವವನದು, ನಾನೇಕೆ ಖರ್ಚು ಮಾಡಲಿ ಎನ್ನುತ್ತಾನೆ ಮಾಲೀಕ. ನಾಳೆ ಹೋಗುವವನು ನಾನೇಕೆ ಮಾಡಲಿ ಎನ್ನುತ್ತಾನೆ ಬಾಡಿಗೆದಾರ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.

ಈಗ ಲೆಕ್ಕ ಹಾಕೋಣ. ಆರು ಖೋಲಿಯ ಚಾಳು, ಆರು ಹಳೆಯ ಫ್ಯಾನು, ಒಂದೊಂದು 75 ವಾಟ್. ದಿನಕ್ಕೆ 12 ತಾಸು ತಿರುಗಿದರೆ ತಿಂಗಳಿಗೆ 162 ಯೂನಿಟ್. 30 ವಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 65 ಯೂನಿಟ್ ಸಾಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಬಾಡಿಗೆದಾರನಿಗೂ ಸಲ್ಲುತ್ತದೆ, ನಿಜ. ಆದರೆ ಅದು ಲೆಕ್ಕಕ್ಕೆ ಹಿಡಿಯುವುದು ಮೀಟರನ್ನು, ಮನುಷ್ಯರನ್ನಲ್ಲ. ಆರು ಸಂಸಾರಕ್ಕೆ ಒಂದೇ ಮೀಟರಿದ್ದು ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ತಲೆಯ ಮೇಲೆ ಬೀಳುತ್ತದೆ. ಆಗ ಫ್ಯಾನಿನ 97 ಯೂನಿಟ್ ಉಳಿತಾಯ ಸಣ್ಣದಲ್ಲ. ಮಾಳಿಗೆಗೆ ಸುಣ್ಣ ಬಳಿದರೆ ಬೇಸಿಗೆಯಲ್ಲಿ ಕೆಳಗಿನ ಖೋಲಿಯೂ ತಂಪಾದೀತು.

ಇಷ್ಟಾದ ಮೇಲೆ ಸೌರಫಲಕದ ಮಾತು. ಎರಡು ಕಿಲೋವಾಟಿಗೆ ಸುಮಾರು 200 ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ ಎಂಟು ಯೂನಿಟ್ ಹುಟ್ಟುತ್ತದೆ. ಕೇಂದ್ರದ ಲೆಕ್ಕದ ದರ ಒಂದು ಲಕ್ಷ. ಸಹಾಯಧನ ಕಳೆದರೆ ಮಾಲೀಕನ ಪಾಲು 40,000. ಹೆಚ್ಚಾದ ವಿದ್ಯುತ್ತು ಜೆಸ್ಕಾಂ ತಂತಿಗೆ ಹೋಗಿ ಲೆಕ್ಕಕ್ಕೆ ಸೇರುತ್ತದೆ. ಜನರ ತೆರಿಗೆಯ 60,000 ರೂಪಾಯಿ ಯಾವ ಮಾಳಿಗೆಗೆ ಏರಿತೋ, ಆ ಮಾಳಿಗೆಯ ಕೆಳಗಿರುವವನಿಗೆ ಅದರಲ್ಲಿ ಪಾಲಿಲ್ಲವೆ?

ಪಾವಗಡದ 2,050 ಮೆಗಾವಾಟಿನ ಸೌರ ಉದ್ಯಾನವನ್ನು ನೋಡಿರಿ. ಭೂಮಿ ಉಳ್ಳವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಆರಂಭವಾಯಿತು. ಅದೇ ಹೊಲದಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಭೂಹೀನನಿಗೆ ಆ ಗುತ್ತಿಗೆಯಲ್ಲಿ ಕಾಸೂ ಇಲ್ಲ. ಅಲ್ಲಿ ಭೂಮಿ, ಇಲ್ಲಿ ಮಾಳಿಗೆ, ನ್ಯಾಯ ಒಂದೇ. ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿದ್ದಾಗ, 1950ರ ಗೇಣಿ ಕಾನೂನು ಹೊಲದ ಗೇಣಿದಾರನನ್ನು ರಕ್ಷಿತ ಗೇಣಿದಾರನೆಂದು ಒಪ್ಪಿತು. ಖೋಲಿಯ ಬಾಡಿಗೆದಾರನಿಗೂ ಅಂಥದೊಂದು ಮಾನ್ಯತೆ ಸಲ್ಲಬೇಕು.

ಆದುದರಿಂದ ನಮ್ಮ ಬೇಡಿಕೆಗಳು ಮೂರು. ಒಂದು, ಸಹಾಯಧನ ಪಡೆದ ಬಾಡಿಗೆ ಮನೆಯಲ್ಲಿ ಉಳಿತಾಯದ ಅರ್ಧವನ್ನು ಬಾಡಿಗೆದಾರನ ಲೆಕ್ಕಕ್ಕೆ ಹಿಡಿಯಬೇಕು. ಫಲಕದ ನೆಪದಲ್ಲಿ ಬಾಡಿಗೆ ಏರಿಸಕೂಡದು. ಎರಡು, ದಿನಬಾಡಿಗೆಯ ಮನೆ, ವಸತಿಗೃಹಗಳಿಗೆ ಪರವಾನಗಿ ಕೊಡುವಾಗಲೇ ಬಿಸಿನೀರಿಗೆ ಸೌರ ಯಂತ್ರ, ಕಡಿಮೆ ವಿದ್ಯುತ್ತಿನ ಫ್ಯಾನು, ದೀಪಗಳನ್ನು ಸ್ಥಳೀಯ ಆಡಳಿತ ಕಡ್ಡಾಯ ಮಾಡಬೇಕು. ಅಲ್ಲಿ ಇಂದು ಬಂದವನು ನಾಳೆ ಇಲ್ಲ, ಹೊಣೆ ಮಾಲೀಕನದೇ. ಮೂರು, ಮಾಳಿಗೆ ಇಲ್ಲದವರು ಕೂಡಿ ಶಾಲೆ, ಮಾರುಕಟ್ಟೆಗಳ ಮೇಲೆ ಫಲಕ ಹಾಕಿಸಿ, ತಮ್ಮ ತಮ್ಮ ಮೀಟರಿಗೆ ಪಾಲು ಪಡೆಯುವಂತಾಗಬೇಕು. ದೆಹಲಿಯಲ್ಲಿ ಇದಕ್ಕೆ 2019ರಲ್ಲೇ ನಿಯಮಗಳಾದವು. ಬೀದರಿನ ಜೆಸ್ಕಾಂ ಕಚೇರಿಯ ಕಿಟಕಿಯಲ್ಲಿ ಬಡವನ ಅರ್ಜಿಯನ್ನೂ ತೆಗೆದುಕೊಳ್ಳುವವರೆಗೆ ನಾವು ಕೇಳುತ್ತಲೇ ಇರಬೇಕು.

ನೌಬಾದದಲ್ಲಿ ಬಹಮನಿಗಳ ಕಾಲದ ಸುರಂಗ ಬಾವಿ ಇಂದಿಗೂ ಇದೆ. ನೆಲದಡಿಯ ನೀರನ್ನು ಊರಿನವರೆಗೆ ಹರಿಸಿದ ಜಾಣ್ಮೆ ಈ ಮಣ್ಣಿನದು. ನೆಲದ ಮೇಲಿನ ಬಿಸಿಲನ್ನು ಹಂಚಿಕೊಳ್ಳುವುದು ಅದಕ್ಕಿಂತ ಕಷ್ಟವೇನಲ್ಲ. ಮುಂದಿನ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ, ಪ್ರತಿಯೊಬ್ಬ ಕೂಲಿಕಾರ ಬಂಧುವೂ ಮೇಲಿನ ಲೆಕ್ಕವನ್ನು ಮಾಲೀಕನ ಮುಂದಿಡಲಿ; ಒಬ್ಬೊಬ್ಬರಾಗಿ ಅಲ್ಲ, ಚಾಳಿನವರೆಲ್ಲ ಕೂಡಿ.