ದಂಡಿನ ಪೇಟೆಯ ಪ್ರೇಮವೂ ಪತ್ತೇದಾರಿಕೆಯೂ

ಕನ್ನಡದಲ್ಲಿ ಗದ್ಯದ ದೀರ್ಘಕಥನಕ್ಕೆ ‘ಕಾದಂಬರಿ’ ಎಂಬ ಹೆಸರು ನೆಲೆಗೊಂಡದ್ದು ಬಾಣಭಟ್ಟನ ಗಂಧರ್ವಕನ್ಯೆಯೊಬ್ಬಳ ದೆಸೆಯಿಂದ. ಪ್ರಕಾರದ ಹೆಸರೇ ಪ್ರಣಯಕಥೆಯೊಂದರ ನಾಯಿಕೆಯ ಹೆಸರು. ಹೀಗಿದ್ದೂ ಪ್ರಣಯ ಕಾದಂಬರಿ, ಪತ್ತೇದಾರಿ ಕಾದಂಬರಿ ಎಂಬ ಮಾತು ಕಿವಿಗೆ ಬಿದ್ದೊಡನೆ ವಿದ್ವತ್ತು ಮೂಗು ಮುರಿಯುತ್ತದೆ. ಅಂಥವು ಬಸ್ ನಿಲ್ದಾಣದ ಅಂಗಡಿಗೆ, ಬಾಡಿಗೆ ಗ್ರಂಥಾಲಯಕ್ಕೆ ಸೇರಿದವು, ಅಧ್ಯಯನದ ಕೊಠಡಿಗೆ ಅಲ್ಲ ಎಂಬ ಒಪ್ಪಂದ ವಿಶ್ವವಿದ್ಯಾಲಯಗಳಲ್ಲಿ ಮೌನವಾಗಿಯೇ ಜಾರಿಯಲ್ಲಿದೆ. ಬೆಂಗಳೂರಿನ ದಂಡುಪ್ರದೇಶವನ್ನು ಕಥಾಭೂಮಿಯಾಗಿ ಮಾಡಿಕೊಂಡ ಮೂರು ಕಾದಂಬರಿಗಳನ್ನು ಒಟ್ಟಿಗೆ ಓದಿದರೆ ಈ ಒಪ್ಪಂದದ ನಷ್ಟ ಯಾರ ಪಾಲಿಗೆ ಬಂದಿದೆ ಎಂಬುದು ಸ್ಪಷ್ಟವಾಗುತ್ತದೆ. ಅನಿತಾ ನಾಯರ್ ಅವರ ‘ಕಟ್ ಲೈಕ್ ವೂಂಡ್’ (2012), ಅಂದಲೀಬ್ ವಾಜಿದ್ ಅವರ ‘ಅಸ್ಮಾರಾಸ್ ಸಮ್ಮರ್’ (2016), ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (2022): ಮೂರೂ ಇಂಗ್ಲಿಷಿನಲ್ಲಿ ಬರೆದವು, ಮೂರೂ ಸ್ತ್ರೀಯರು ಬರೆದವು. ಮೂರರಲ್ಲೂ ಶಿವಾಜಿನಗರದ ಸುತ್ತಿನ ಒಂದೆರಡು ಮೈಲಿಯ ನೆಲ ಕಥೆಗೆ ಬೇಕಾದ ನೆಲ.

ಕನ್ನಡ ಕಾದಂಬರಿಯ ಬೆಂಗಳೂರು ಬೇರೆ. ಅದು ಬಹುಮಟ್ಟಿಗೆ ಬಸವನಗುಡಿ, ಗಾಂಧಿಬಜಾರು, ಮಲ್ಲೇಶ್ವರಗಳ ಬೆಂಗಳೂರು. ಹಲಸೂರಿನ ಆಚೆಗೆ ಹೋಗುವ ಪಾತ್ರ ಸಾಮಾನ್ಯವಾಗಿ ಕೆಲಸಕ್ಕೆ ಹೋಗಿ ಸಂಜೆಗೆ ಹಿಂದಿರುಗುತ್ತದೆ. ಇದಕ್ಕೆ ಚರಿತ್ರೆಯ ಕಾರಣವಿದೆ. 1809ರಲ್ಲಿ ಆರಂಭವಾದ ದಂಡು 1881ರಲ್ಲಿ ಮೈಸೂರು ಒಡೆಯರಿಗೆ ರಾಜ್ಯ ಮರಳಿದಾಗಲೂ ಬ್ರಿಟಿಷರ ಕೈಯಲ್ಲೇ ಉಳಿಯಿತು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ರೆಸಿಡೆಂಟನ ಅಧೀನದಲ್ಲಿದ್ದ ಆ ಪ್ರದೇಶ ಮೈಸೂರಿಗೆ ಮರಳಿದ್ದು 1947ರಲ್ಲಿ. ಎರಡು ಪುರಸಭೆಗಳು ಒಂದಾದದ್ದು 1949ರಲ್ಲಿ. ತಮಿಳು, ದಖನಿ, ತೆಲುಗು, ಇಂಗ್ಲಿಷುಗಳು ಬೀದಿಯ ಭಾಷೆಗಳಾದ ಆ ಭಾಗವನ್ನು ಕನ್ನಡ ಲೇಖಕ ಪರಸ್ಥಳವೆಂದೇ ಭಾವಿಸಿದ. ಆಡಳಿತದ ಗಡಿ ಅಳಿದು ಮುಕ್ಕಾಲು ಶತಮಾನ ಕಳೆದರೂ ಕಥೆಯ ಗಡಿ ಅಳಿದಿಲ್ಲ.

‘ಕಟ್ ಲೈಕ್ ವೂಂಡ್’ ರಂಜಾನಿನ ಮೊದಲ ದಿನ ಶಿವಾಜಿನಗರದ ಜನಜಂಗುಳಿಯಲ್ಲಿ ತೆರೆದುಕೊಳ್ಳುತ್ತದೆ. ಕನ್ನಡಿಯ ಮುಂದೆ ಕುಳಿತ ಒಬ್ಬ ಯುವಕ ಸೀರೆಯುಟ್ಟು, ಮುತ್ತಿನ ಓಲೆ ತೊಟ್ಟು ‘ಭುವನ’ಳಾಗಿ ಬೀದಿಗಿಳಿಯುತ್ತಾನೆ, ಆ ರಾತ್ರಿ ಒಂದು ಕೊಲೆಯಾಗುತ್ತದೆ. ತನಿಖೆಗೆ ಇಳಿಯುವವನು ಇನ್‌ಸ್ಪೆಕ್ಟರ್ ಬೋರೇಗೌಡ. ಐವತ್ತರ ಹೊಸ್ತಿಲಲ್ಲಿರುವ, ಬಡ್ತಿಯಿಂದ ವಂಚಿತನಾದ, ಹೆಂಡತಿ ಮಗನನ್ನು ಹಾಸನದಲ್ಲಿ ಬಿಟ್ಟು ನಗರದ ಹೊರಅಂಚಿನ ನೀಲಗುಬ್ಬಿ ಎಂಬ ಕಲ್ಪಿತ ಠಾಣೆಯಲ್ಲಿ ದಿನ ತಳ್ಳುತ್ತಿರುವ ಒಕ್ಕಲು ಮನೆತನದ ಅಧಿಕಾರಿ. ಇಂಗ್ಲಿಷ್ ಕಾದಂಬರಿಯಲ್ಲಿ ಇಷ್ಟು ಮೈದುಂಬಿದ ಕನ್ನಡಿಗ ಪೋಲೀಸು ಅಪರೂಪ. ಅವನ ಸಿಡುಕು, ಕುಡಿತ, ಬುಲೆಟ್ ಬೈಕಿನ ಮೋಹ, ಕಾಲೇಜು ದಿನಗಳ ಗೆಳತಿ ಊರ್ಮಿಳೆ ಮರಳಿ ಬಂದಾಗಿನ ತಡವರಿಕೆ, ಎಲ್ಲವೂ ನಂಬುವಂತಿವೆ. ಪ್ರಣಯಕಥೆಯೊಂದು ಪತ್ತೇದಾರಿ ಕಥೆಯೊಳಗೆ ಬಾಡಿಗೆದಾರನಂತೆ ಇರದೆ ಮನೆಯವನಂತೆಯೇ ಇದೆ. ನಗರಪಾಲಿಕೆಯ ಸದಸ್ಯನೊಬ್ಬನ ಮನೆಯ ವರ್ಣನೆಯಲ್ಲಿ ಈ ಊರಿನ ರಾಜಕಾರಣದ ವಾಸನೆ ಅಚ್ಚುಕಟ್ಟಾಗಿ ಬಂದಿದೆ.

ಆದರೆ ಈ ಕಾದಂಬರಿಯ ದೋಷವೂ ಸಣ್ಣದಲ್ಲ. ಹೆಣ್ಣಾಗಬಯಸುವ ಗಂಡಿನ ಆಸೆಯನ್ನು ಅದು ಕೊಲೆಯ ಮೂಲದ ಪಕ್ಕದಲ್ಲೇ ಇರಿಸುತ್ತದೆ. ಎಷ್ಟೇ ಕರುಣೆಯಿಂದ ಬರೆದರೂ ಸೀರೆ, ಮುತ್ತು, ಕತ್ತಲು, ರಕ್ತ ಎಂಬ ಸರಣಿ ಓದುಗನ ಮನಸ್ಸಿನಲ್ಲಿ ಹೆಣೆದುಕೊಂಡುಬಿಡುತ್ತದೆ. ತೃತೀಯ ಲಿಂಗಿಗಳ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು 2014ರಲ್ಲಿ, ಪುಸ್ತಕ ಬಂದ ಎರಡು ವರ್ಷಗಳ ಮೇಲೆ. ಆದರೆ ಕಾಲದ ನೆವ ಇಲ್ಲಿ ಸಲ್ಲದು. ರೇವತಿಯವರ ಆತ್ಮಕಥೆ 2010ರಲ್ಲೇ ಇಂಗ್ಲಿಷಿನಲ್ಲಿ ಪ್ರಕಟವಾಗಿತ್ತು. ದು. ಸರಸ್ವತಿಯವರ ಅನುವಾದದಲ್ಲಿ ಅದು ‘ಬದುಕು ಬಯಲು’ ಎಂದು ಕನ್ನಡಕ್ಕೂ ಬಂದಿದೆ. ಅದನ್ನು ಓದಿದವರಿಗೆ ಪೋಲೀಸು ಠಾಣೆಯ ಒಳಗೆ ಯಾರು ಯಾರಿಗೆ ಹೆದರುತ್ತಾರೆ ಎಂಬುದು ತಿಳಿದಿರುತ್ತದೆ; ನಾಯರ್ ಅವರ ಕಾದಂಬರಿಯಲ್ಲಿ ಆ ಭಯದ ದಿಕ್ಕು ತಿರುಗಿದೆ.

ಇಲ್ಲಿ ಜನ್ನ ನೆನಪಾಗುತ್ತಾನೆ. 1209ರ ‘ಯಶೋಧರ ಚರಿತೆ’ಯಲ್ಲಿ ಉಜ್ಜಯಿನಿಯ ರಾಣಿ ಅಮೃತಮತಿ ಇರುಳಿನಲ್ಲಿ ಗಜಶಾಲೆಯ ಕಡೆಯಿಂದ ಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ವಿಕಾರರೂಪದ ಮಾವುತ ಅಷ್ಟಾವಂಕ. ಗಂಡ ಕತ್ತಿ ಹಿಡಿದು ಕತ್ತಲಲ್ಲಿ ಅವಳ ಬೆನ್ನು ಹತ್ತುತ್ತಾನೆ. ಎತ್ತಿದ ಕತ್ತಿಯನ್ನು ಹಿಂದೆಗೆಯುತ್ತಾನೆ. ಮುಂದೆ ಅವಳೇ ಗಂಡನಿಗೂ ಅತ್ತೆ ಚಂದ್ರಮತಿಗೂ ವಿಷವಿಕ್ಕುತ್ತಾಳೆ. ಪ್ರೇಮ, ಬೆನ್ನಟ್ಟುವಿಕೆ, ವಿಷಪ್ರಯೋಗ: ಇಂದಿನ ಪ್ರಕಾಶಕನ ಕೈಗೆ ಸಿಕ್ಕಿದ್ದರೆ ಮುಖಪುಟಕ್ಕೆ ಕೆಂಪು ಬಣ್ಣ ಖಚಿತ. ಜನ್ನನಿಗೆ ಮಾತ್ರ ಕೊಂದವರು ಯಾರು ಎಂಬುದು ಗುಟ್ಟೇ ಅಲ್ಲ. ಕೊಂದದ್ದರಿಂದ, ಕೊಲ್ಲಬೇಕೆಂದು ಸಂಕಲ್ಪಿಸಿದ್ದರಿಂದ ಏನಾಗುತ್ತದೆ ಎಂಬುದರಲ್ಲಿ ಅವನ ಕುತೂಹಲ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ತಾಯಿಮಕ್ಕಳು ಭವಭವಗಳಲ್ಲಿ ಅದರ ಫಲ ಉಣ್ಣುತ್ತಾರೆ. ಕೃತ್ಯವೇ ನಡೆಯದ ಕಡೆಯಲ್ಲೂ ಭಾವಹಿಂಸೆ ಹಿಂಸೆಯೇ ಎಂಬ ಜೈನ ವಿಚಾರ ಅಲ್ಲಿ ಕಥೆಯ ಯಂತ್ರವಾಗಿ ಕೆಲಸ ಮಾಡುತ್ತದೆ. ಅಮೃತಮತಿಯನ್ನು ಜನ್ನ ಖಂಡಿಸುತ್ತಾನೆ, ನಿಜ. ಆದರೆ ಆ ಹಾಡಿನ ಸೆಳೆತವನ್ನು ಅವನು ಅಲ್ಲಗಳೆಯುವುದಿಲ್ಲ. ಅದು ಹುಸಿಯಾಗಿದ್ದರೆ ಅವನ ಕಾವ್ಯ ಎಂಟು ಶತಮಾನ ಬಾಳುತ್ತಿರಲಿಲ್ಲ, ಗಿರೀಶ ಕಾರ್ನಾಡರು ಅದರಿಂದ ‘ಹಿಟ್ಟಿನ ಹುಂಜ’ ಬರೆಯುತ್ತಲೂ ಇರಲಿಲ್ಲ. ನಾಯರ್ ಅವರ ಭುವನಳಿಗೆ ದೊರೆಯದೆ ಹೋದದ್ದು ಈ ಬಗೆಯ ಮನ್ನಣೆ. ಅವಳ ಆಸೆ ಕೊನೆಗೆ ಒಂದು ಸುಳಿವಾಗಿ ಮಾತ್ರ ಉಳಿಯುತ್ತದೆ.

ಹರಿಣಿ ನಾಗೇಂದ್ರ ಅವರ ಕಾದಂಬರಿ 1921ರ ಬೆಂಗಳೂರಿನದು. ಗಣಿತಪ್ರಿಯೆಯಾದ ಎಳೆಯ ಗೃಹಿಣಿ ಕಾವೇರಿ, ಬೌರಿಂಗ್ ಆಸ್ಪತ್ರೆಯ ವೈದ್ಯನಾದ ಅವಳ ಗಂಡ ರಾಮು, ಸೆಂಚುರಿ ಕ್ಲಬ್ಬಿನ ಔತಣದಲ್ಲಿ ನಡೆಯುವ ಒಂದು ಕೊಲೆ. ದಾಂಪತ್ಯ ಪ್ರಣಯವಾಗಿ ಹಣ್ಣಾಗುವ ಕಥೆ ಇದರಲ್ಲಿ ಪತ್ತೇದಾರಿಕೆಗಿಂತ ಚೆನ್ನಾಗಿದೆ. ಲೇಖಕಿ ಪರಿಸರ ವಿಜ್ಞಾನಿ. ಬೆಂಗಳೂರಿನ ನಿಸರ್ಗದ ಇತಿಹಾಸ ಬರೆದವರು. ಹಾಗಾಗಿ ಮರಗಿಡ, ಕೆರೆ, ತೋಟಗಳು ಅಂದಾಜಿನ ಅಲಂಕಾರವಾಗಿ ಬರುವುದಿಲ್ಲ. ಆದರೆ ಆ ಕಾಲದ ಬಗ್ಗೆ ಕಾದಂಬರಿಗೆ ಕೊಂಚ ಅತಿಯಾದ ಅಕ್ಕರೆ. ಅಡಚಣೆ ಎದುರಾದಾಗಲೆಲ್ಲ ಯಾರೋ ಒಬ್ಬ ಸಜ್ಜನ ಬಾಗಿಲು ತೆರೆಯುತ್ತಾನೆ. ಪುಸ್ತಕದ ಕೊನೆಗೆ ಅಡುಗೆಯ ವಿಧಾನಗಳಿವೆ. ಅವುಗಳ ಬಗ್ಗೆ ತಕರಾರಿಲ್ಲ, ಕೊಲೆಯ ಕಥೆಯ ಬಳಿಕ ತಿಂಡಿಯ ಪಟ್ಟಿ ಓದುವ ಸುಖ ಸಣ್ಣದಲ್ಲ. ತಕರಾರು ಇರುವುದು ಬೇರೆಡೆ. ಒಂದೇ ಊರಿನಲ್ಲಿ ಎರಡು ಸರಕಾರ, ಎರಡು ಪೋಲೀಸು ವ್ಯವಸ್ಥೆ ಇದ್ದ ಕಾಲ ಅದು. ಪೇಟೆಯಲ್ಲಿ ಅಪರಾಧ ಮಾಡಿದವನು ದಂಡಿನ ಗಡಿ ದಾಟಿದರೆ ಅವನು ಬೇರೊಂದು ಆಳ್ವಿಕೆಯೊಳಗೆ ನಿಂತಂತೆ. ಪತ್ತೇದಾರಿ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಹೂರಣ ಸಿಗದು. ಅದರ ಪೂರ್ಣ ಪ್ರಯೋಜನವನ್ನು ಲೇಖಕಿ ಇನ್ನೂ ಪಡೆದಿಲ್ಲ.

ತಳಾರನೂ ಕಳ್ಳನೂ ಗಡಿಯ ಆಚೀಚೆ ನಿಲ್ಲುವ ಕಥೆಯನ್ನು ಬಯಸುವವರು ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯನ್ನು ಮತ್ತೆ ತೆರೆಯಬೇಕು. ಒಟ್ಟಿಗೆ ಬೆಳೆದ ಇಬ್ಬರಲ್ಲಿ ಒಬ್ಬ ಚೋರಶಾಸ್ತ್ರ ಕಲಿಯುತ್ತಾನೆ, ಇನ್ನೊಬ್ಬ ಯಮದಂಡ ತಳಾರಿಕೆ ಕಲಿಯುತ್ತಾನೆ. ನೀನು ಕಾವಲಿರುವಲ್ಲಿಯೇ ಕದಿಯುತ್ತೇನೆ ಎಂಬುದು ಕಳ್ಳನ ಪಂಥ. ಹಗಲು ಕುಷ್ಠರೋಗಿಯ ವೇಷದಲ್ಲಿ ಪಾಳುಗುಡಿಯಲ್ಲಿ ಬಿದ್ದಿರುವವನೇ ಇರುಳು ಅರಮನೆಯ ಹಾರ ಕದಿಯುತ್ತಾನೆ. ಅರಸ ತಳಾರನಿಗೆ ಗಡುವು ವಿಧಿಸುತ್ತಾನೆ. ಗಡುವು ಮೀರಿದರೆ ಕಳ್ಳನಿಗೆ ಆಗಬೇಕಾದ ದಂಡನೆ ತಳಾರನಿಗೇ. ವೇಷಾಂತರ, ಗಡುವು, ಶಂಕಿತನ ವಿಚಾರಣೆ, ಕೊನೆಯಲ್ಲಿ ಹೊರಬೀಳುವ ಹಳೆಯ ಗೆಳೆತನ, ಹೀಗೆ ಥ್ರಿಲ್ಲರಿನ ಬಹುಪಾಲು ಸಲಕರಣೆಗಳು ಹತ್ತನೆಯ ಶತಮಾನದ ಸುಮಾರಿನ ಕನ್ನಡ ಗದ್ಯದಲ್ಲೇ ಸಿದ್ಧವಾಗಿದ್ದವು. ಸ್ನಾತಕೋತ್ತರ ತರಗತಿಗಳಲ್ಲಿ ಈ ಕಥೆಯನ್ನು ವ್ಯಾಕರಣಕ್ಕಾಗಿ, ಪ್ರಾಕೃತ ಮೂಲಕ್ಕಾಗಿ ಓದಿಸುವುದುಂಟು. ಕಥೆಯ ಬಿಗಿಗಾಗಿ ಓದಿಸುವುದು ವಿರಳ.

ಮೂರರಲ್ಲಿ ಅತ್ಯಂತ ಲಘುವಾದದ್ದು ‘ಅಸ್ಮಾರಾಸ್ ಸಮ್ಮರ್’. ಇಷ್ಟವಾಗುವುದೂ ಅದೇ. ಹೆತ್ತವರು ಪರದೇಶಕ್ಕೆ ಹೊರಟಾಗ ನಗರದ ಸ್ಥಿತಿವಂತ ಹುಡುಗಿ ಅಸ್ಮಾರಾ ಬೇಸಗೆಯನ್ನು ಟ್ಯಾನರಿ ರಸ್ತೆಯ ಅಜ್ಜ ಅಜ್ಜಿಯರ ಮನೆಯಲ್ಲಿ ಕಳೆಯಬೇಕಾಗುತ್ತದೆ. ಚರ್ಮ ಹದಮಾಡುವ ಕಾರ್ಖಾನೆಗಳಿಂದ ಹೆಸರು ಪಡೆದ ರಸ್ತೆ ಅದು. ತಾನು ಅಲ್ಲಿರುವ ಸಂಗತಿಯನ್ನು ಅವಳು ಗೆಳತಿಯರಿಂದ ಮುಚ್ಚಿಡುತ್ತಾಳೆ. ನೆರೆಮನೆಯ ಫಾರೂಕನ ಮೇಲಿನ ಪ್ರೇಮಕ್ಕಿಂತ ಈ ಮುಚ್ಚಿಡುವಿಕೆಯೇ ಕಾದಂಬರಿಯ ನಿಜವಾದ ವಸ್ತು. ಪ್ರೇಮಿಗಳ ನಡುವೆ ಜಾತಿಮತಗಳ ಗೋಡೆ ಇಲ್ಲ. ಒಂದೇ ಸಮುದಾಯದ ಒಳಗೆ ಎರಡು ಬಡಾವಣೆಗಳ ನಡುವೆ ಇರುವ ನಾಚಿಕೆಯ ಗೋಡೆ ಇದೆ. ಮುಸ್ಲಿಂ ಕುಟುಂಬದ ಅಡುಗೆ, ಜಗಳ, ಮದುವೆಯ ಗಡಿಬಿಡಿಗಳನ್ನು ಯಾರಿಗೂ ವಿವರಣೆ ಒಪ್ಪಿಸುವ ಧಾಟಿಯಿಲ್ಲದೆ ಲೇಖಕಿ ಬರೆಯುತ್ತಾರೆ. ಇದು ಕಷ್ಟದ ಕೆಲಸ. ಅಹಿಂಸೆಯನ್ನು ಬಾಳಿನ ಅಳತೆಯಾಗಿ ಇಟ್ಟುಕೊಂಡ ಮನೆಗಳಲ್ಲಿ ಬೆಳೆದ ಓದುಗರು ಆ ರಸ್ತೆಯ ಹೆಸರಿಗೇ ಮುಖ ತಿರುಗಿಸಿಯಾರು. ಕಾದಂಬರಿ ಅವರನ್ನು ನಿರಾಯಾಸವಾಗಿ ಒಂದು ಅಡುಗೆಮನೆಯ ಒಳಗೆ ಕೂರಿಸುತ್ತದೆ. 2024ರಲ್ಲಿ ಇದು ‘ದಿಲ್ ದೋಸ್ತಿ ಡಿಲೆಮಾ’ ಎಂಬ ಧಾರಾವಾಹಿಯಾಗಿಯೂ ಬಂತು. ನೇಮಿಚಂದ್ರನ ‘ಲೀಲಾವತಿ’ಯಲ್ಲಿ ಕಂದರ್ಪನೂ ಲೀಲಾವತಿಯೂ ಒಬ್ಬರನ್ನೊಬ್ಬರು ಮೊದಲು ಕಾಣುವುದು ಕನಸಿನಲ್ಲಿ, ಹುಡುಕುವ ದಾರಿಯೇ ಅಲ್ಲಿ ಪ್ರಬಂಧ. ಅಸ್ಮಾರಾಳಿಗೆ ಹುಡುಕಾಟವಿಲ್ಲ, ಪಕ್ಕದ ಮನೆಯಲ್ಲೇ ಇದ್ದಾನೆ. ಹುಡುಕಬೇಕಾದದ್ದು ತಾನು ಯಾವ ಬೀದಿಯವಳು ಎಂಬುದನ್ನು.

ಇವೆಲ್ಲ ಇಂಗ್ಲಿಷಿನಲ್ಲೇ ಏಕೆ ಬಂದವು? ಕನ್ನಡಕ್ಕೆ ಜನಪ್ರಿಯ ಕಾದಂಬರಿಯ ಬಡತನ ಎಂದೂ ಇರಲಿಲ್ಲ. ಪುರುಷೋತ್ತಮ, ಮಧುಸೂದನ, ಅರಿಂಜಯರೆಂಬ ಪತ್ತೇದಾರರನ್ನು ಕಟ್ಟಿದ ಎನ್. ನರಸಿಂಹಯ್ಯನವರು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಒಂದು ತಲೆಮಾರಿಗೆ ಅಕ್ಷರದ ರುಚಿ ಹತ್ತಿಸಿದವರು ಅವರು. ಹಳದಿ ಕೆಂಪು ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರು. ಚಳವಳಿಯ ಚರಿತ್ರೆ ಅವರ ಬಾವುಟವನ್ನು ನೆನೆಯುತ್ತದೆ, ಕಾದಂಬರಿಗಳನ್ನು ನೆನೆಯುವುದಿಲ್ಲ. ತ್ರಿವೇಣಿಯವರ ‘ಶರಪಂಜರ’ವನ್ನು ಪ್ರಣಯ ಕಾದಂಬರಿಯ ಕಪಾಟಿನಿಂದ ಕೆಳಗಿಳಿಸಿ ಗಂಭೀರವಾಗಿ ಓದಲು ವಿಮರ್ಶೆ ಬಹುಕಾಲ ತೆಗೆದುಕೊಂಡಿತು. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಥ್ರಿಲ್ಲರಾಗಿದ್ದೂ ಮನ್ನಣೆ ಪಡೆದದ್ದು ಅದನ್ನು ಬರೆದವರು ತೇಜಸ್ವಿ ಎಂಬ ಕಾರಣಕ್ಕೆ ಎಂದರೆ ಅತಿಶಯವಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆನ್ನುಹುರಿಯಲ್ಲಿ ಚಳಿ ಹುಟ್ಟಿಸುವ ಬೆಂಗಳೂರಿನ ಕಥೆ. ಅದನ್ನು ಥ್ರಿಲ್ಲರ್ ಎಂದು ಕರೆಯಲು ಯಾರಿಗೂ ಧೈರ್ಯವಿಲ್ಲ.

ಈಚಿನವರಲ್ಲಿ ಕೆ.ಎನ್. ಗಣೇಶಯ್ಯನವರ ಮಾತು ಬೇರೆ. ಶಾಸನ, ಶಿಲ್ಪ, ಹಸ್ತಪ್ರತಿಗಳನ್ನು ಸುಳಿವುಗಳಾಗಿ ಬಳಸುವ ಅವರ ‘ಕನಕ ಮುಸುಕು’, ‘ಕರಿಸಿರಿಯಾನ’ಗಳು ಇತಿಹಾಸದತ್ತ ತರುಣ ಓದುಗರನ್ನು ಸೆಳೆದಷ್ಟು ಯಾವ ಪಠ್ಯಪುಸ್ತಕವೂ ಸೆಳೆದಿಲ್ಲ. ಆದರೆ ಕಾದಂಬರಿಗೆ ಆಧಾರಗ್ರಂಥಗಳ ಉಲ್ಲೇಖ ಅಂಟಿದಾಗ ಒಂದು ಅಪಾಯ ಹುಟ್ಟುತ್ತದೆ. ಊಹೆ ಎಲ್ಲಿ ಮುಗಿಯಿತು, ಶಾಸನದ ಪಾಠ ಎಲ್ಲಿ ಶುರುವಾಯಿತು ಎಂಬುದು ಓದುಗನಿಗೆ ತಿಳಿಯದು. ಬಸದಿಯ ಗೋಡೆಯಲ್ಲಿ ನಿಧಿಯ ಗುರುತು ಹುಡುಕಿಕೊಂಡು ಬರುವವರ ಹಾವಳಿ ಈ ನಾಡಿನ ಪಾಳುಬಿದ್ದ ಜಿನಾಲಯಗಳಿಗೆ ಹೊಸದಲ್ಲ. ರಹಸ್ಯವೆಂದರೆ ಹೂತಿಟ್ಟ ಚಿನ್ನವೇ ಎಂಬ ನಂಬಿಕೆಯನ್ನು ಐತಿಹಾಸಿಕ ಥ್ರಿಲ್ಲರುಗಳು ಬಲಪಡಿಸದಿದ್ದರೆ ಒಳಿತು. ಜನ್ನ ತನ್ನ ಕಥೆಯನ್ನು ಚರಿತೆ ಎಂದು ಕರೆದ, ಆದರೆ ಅದರಿಂದ ಯಾರೂ ಉಜ್ಜಯಿನಿಯಲ್ಲಿ ಅಗೆತಕ್ಕೆ ಹೊರಡಲಿಲ್ಲ.

ದಂಡಿನ ಕಡೆಗೆ ಮರಳಿದರೆ, ಅಲ್ಲಿನ ಕನ್ನಡ ಇಂದು ಒಂಟಿಯಾಗಿಲ್ಲ. ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳನ್ನು ಹಾಯುವ ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡನ್ನು ಪೇಟೆಗೆ ಜೋಡಿಸಿದೆ. ಅದರ ಪ್ರಯಾಣಿಕರಲ್ಲಿ ಹಾಸನದ, ಮಂಡ್ಯದ, ಕಲಬುರಗಿಯ ಹುಡುಗ ಹುಡುಗಿಯರು ಧಾರಾಳವಾಗಿದ್ದಾರೆ; ಬೋರೇಗೌಡನ ಮಗನಷ್ಟೇ ವಯಸ್ಸಿನವರು. ಬಾಡಿಗೆ ಕೋಣೆ, ರಾತ್ರಿ ಪಾಳಿ, ಮನೆಗೆ ಹೇಳದ ಪ್ರೇಮ, ಕಾಣೆಯಾದ ಗೆಳೆಯ ಇವರ ಬದುಕಿನ ದಿನವಹಿ ಸಂಗತಿಗಳು. ಕೃಷ್ಣರಾಜಪುರದ ಕನ್ನಡ ಥ್ರಿಲ್ಲರನ್ನು ಬರೆಯಬಲ್ಲವರು ಅವರ ನಡುವೆಯೇ ಇದ್ದಾರು. ಅವರಿಗೆ ‘ಕಟ್ ಲೈಕ್ ವೂಂಡ್’ ಆಗಲೇ ಗೊತ್ತಿರುತ್ತದೆ. ವಿದ್ಯುಚ್ಚೋರನ ಹೆಸರು ಕೇಳಿರಲಾರರು. ಅದನ್ನು ಕೇಳಿಸಬೇಕಾದ ಕನ್ನಡ ವಿಭಾಗಗಳು ಸದ್ಯಕ್ಕೆ ಆ ಕಥೆಯ ಷಷ್ಠೀ ವಿಭಕ್ತಿಯನ್ನು ವಿವರಿಸುತ್ತಿವೆ.